ಹುಣಸೆಹುಳಿ ಹಚ್ಚಿದ ತಟ್ಟೆ

ರತ್ನಾವತಿ ಹುಣಸೆಹುಳಿಯ ಉಂಡೆಯನ್ನು ಉಪ್ಪಿನಲ್ಲಿ ಹೊರಳಿಸಿ ತಟ್ಟೆಯ ನಡುವಿಗೆ ಒತ್ತಿದಾಗ ಸೊಸೆ ದಿಶಾ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಬೇಡ ಎನ್ನಬೇಕಿತ್ತು. ಬಾಯಿ ಬರಲಿಲ್ಲ.

ಅದು ಅವಳ ಗಂಡ ಮಯೂರನ ತಟ್ಟೆ. ಬೆಳ್ಳಿಯದು, ಮೇಲೆ ಚಿನ್ನದ ನೀರು ಕೊಟ್ಟದ್ದು. ಮದುವೆಯಲ್ಲಿ ಅವನ ದೊಡ್ಡಪ್ಪ ಯಶ್ವಂತ್, ವಾಶಿಯಲ್ಲಿ ಹೋಟೆಲ್ ನಡೆಸುವವರು, ಮದುಮಗನಿಗೆಂದೇ ಮಾಡಿಸಿ ಕೊಟ್ಟಿದ್ದರು. ಇಂಥದ್ದನ್ನು ಜನ ಶೋಕೇಸಿನಲ್ಲಿ ಇಡುತ್ತಾರೆ. ಮಯೂರ್ ಮಾತ್ರ ಪ್ರತಿ ಭಾನುವಾರ ಅದರಲ್ಲೇ ಉಣ್ಣುತ್ತಿದ್ದ. ಉಂಡ ಕೂಡಲೇ ತಾನೇ ತೊಳೆಯುತ್ತಿದ್ದ. ಉಗುರುಬೆಚ್ಚಗಿನ ನೀರು, ಒಂದು ಹನಿ ಸೋಪು, ಬೆರಳ ತುದಿ, ಅಷ್ಟೇ. ತಂತಿಯ ಜುಂಗು ಹತ್ತಿರ ಬರಕೂಡದು. ನಿಂಬೆ, ಹುಣಸೆ, ಪಾತ್ರೆಯ ಪುಡಿ ಯಾವುದೂ ಕೂಡದು. ನೀರು ತಾನಾಗಿ ಆರಲು ಬಿಡದೆ ಹಳೆಯ ಪಂಚೆಯ ಮೆತ್ತನೆಯ ತುಂಡಿನಿಂದ ಒತ್ತಿ ಒರೆಸಿ, ಅದರಲ್ಲೇ ಸುತ್ತಿ, ಬೇರೆ ಪಾತ್ರೆ ತಾಗದ ಹಾಗೆ ಮೇಲಿನ ಖಾನೆಯಲ್ಲಿ ಇಡುತ್ತಿದ್ದ.

“ಚಿನ್ನ ಅಂತ ಹೆಸರು ಮಾತ್ರ ಮಾರಾಯ್ತಿ. ಈರುಳ್ಳಿ ಸಿಪ್ಪೆಗಿಂತ ತೆಳು. ಉಜ್ಜಿದ್ರೆ ಹೋಯ್ತು,” ಎನ್ನುತ್ತಿದ್ದ.

ವಾಶಿ ಸೇತುವೆಯ ಮೇಲೆ ಬೈಕ್ ಜಾರಿ ಅವನು ಹೋದ ಮೇಲೆ ದಿಶಾ ಅದರಲ್ಲಿ ಯಾರಿಗೂ ಬಡಿಸಲಿಲ್ಲ. ಆದರೂ ಆಗಾಗ ಇಳಿಸಿ, ಅವನು ತೊಳೆದ ಹಾಗೆಯೇ ತೊಳೆದು, ಒರೆಸಿ, ಸುತ್ತಿ ಇಡುತ್ತಿದ್ದಳು. ಅಳು ಬರುತ್ತಿರಲಿಲ್ಲ. ಏನೂ ಬರುತ್ತಿರಲಿಲ್ಲ. ಕೈಗೆ ಒಂದು ಕೆಲಸ, ಅಷ್ಟೇ.

ಇವತ್ತು ಅವನಿಗೆ ಬಡಿಸುವ ದಿನ. ಉಡುಪಿಯ ಕಡೆಯ ಆ ಮನೆತನದಲ್ಲಿ ತೀರಿಹೋದವರಿಗೆ ವರ್ಷಕ್ಕೊಮ್ಮೆ ಅವರ ಇಷ್ಟದ ಅಡುಗೆಯನ್ನೆಲ್ಲ ಮಾಡಿ ಒಂದು ಕೋಣೆಯಲ್ಲಿ ಬಡಿಸುತ್ತಾರೆ. ದೀಪ ಹಚ್ಚಿ ಬಾಗಿಲು ಮುಚ್ಚುತ್ತಾರೆ. ಹೋದವರು ಬಂದು ಉಣ್ಣುವಷ್ಟು ಹೊತ್ತು ಹೊರಗೆ ಮಾತಿಲ್ಲದೆ ಕೂರುತ್ತಾರೆ. ಆಮೇಲೆ ಮನೆಯ ಹಿರಿಯರು ಬಾಗಿಲು ತಟ್ಟಿ ತೆರೆದು ನೋಡುತ್ತಾರೆ. ಲೋಟದ ನೀರು ಇಳಿದಿದೆಯೇ, ಅನ್ನ ಕದಲಿದೆಯೇ ಎಂದು. ಹೋದವರು ಬಂದದ್ದೂ ಅವರ ಮನಸ್ಸೂ ಅದರಲ್ಲಿ ತಿಳಿಯುತ್ತದೆ ಎಂಬುದು ಅವರ ನಂಬಿಕೆ. ಊರು ಬಿಟ್ಟು ನೆರೂಳಿನ ಫ್ಲ್ಯಾಟಿಗೆ ಬಂದು ಎಷ್ಟು ಕಾಲವಾದರೂ ಅದನ್ನು ಬಿಟ್ಟವರಲ್ಲ.

ಈ ಸಲ ಅವನಲ್ಲಿ ಕೇಳುವುದೂ ಒಂದಿತ್ತು. ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ದಿಶಾಗೆ ಕೆಲಸ ಸಿಕ್ಕಿತ್ತು. ಅವಳ ತಾಯಿ ಬಾಲಮ್ಮ ಇರುವುದೂ ಡೊಂಬಿವಲಿಯಲ್ಲೇ. ಮಗಳು ತೃಷಾಳನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತೇನೆ ಎಂದಳು. ಅತ್ತೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮಾವ ಪ್ರೇಮನಾಥ ಅಣ್ಣನ ಮುಖ ನೋಡಿದರು. ಅಣ್ಣ ಯಶ್ವಂತ್ ಇತ್ಯರ್ಥ ಮಾಡಿದರು.

“ಮಗು ಯಾರದ್ದು? ಮಯೂರಂದು. ಅವನಲ್ಲೇ ಕೇಳುವ. ಬಡಿಸಿದ್ದು ಕೆಡದಿದ್ರೆ ತಾಯಿ ಮಗಳು ಹೋಗ್ಲಿ. ಅವನಿಗೆ ಮನಸ್ಸಿಲ್ಲ ಅಂತ ಕಂಡ್ರೆ ಮಗು ಇಲ್ಲೇ. ನಿನಗೆ ಕೆಲಸಕ್ಕೆ ಹೋಗ್ಲಿಕ್ಕೆ ಯಾರೂ ಬೇಡ ಹೇಳುದಿಲ್ಲ.”

ಯೂನಿವರ್ಸಿಟಿಯಲ್ಲಿ ರಸಾಯನಶಾಸ್ತ್ರ ಓದಿದ ದಿಶಾ ಅದಕ್ಕೆ ಹೂಂ ಎಂದಿದ್ದಳು. ಒಂದು ಲೋಟ ನೀರು, ಒಂದು ಹಿಡಿ ಅನ್ನ. ಅದರಲ್ಲಿ ಏನಾದೀತು ಅನ್ನಿಸಿತ್ತು.

ಈಗ ಅತ್ತೆ ತೆಂಗಿನ ನಾರು ಹಿಡಿದು ತಿಕ್ಕುತ್ತಿದ್ದರು. ಊರಿನ ಹಿತ್ತಾಳೆ ದೀಪಗಳನ್ನು ತಿಕ್ಕಿ ಪಳಗಿದ ಕೈ, ಬೆರಳುಗಳಲ್ಲಿ ಬಲವಿತ್ತು. ತಟ್ಟೆಗೇ ತುಳುವಿನಲ್ಲಿ ಏನೋ ಹೇಳಿಕೊಳ್ಳುತ್ತಿದ್ದರು. ದಿಶಾಳ ತವರಿನವರು ಹುಬ್ಬಳ್ಳಿಯ ಕಡೆಯವರು; ಅವಳಿಗೆ ತುಳು ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ‘ಮಗಾ’ ಎಂಬುದು ತಿಳಿಯಿತು. ‘ಹಸಿವೆ’ ಎಂಬುದು ತಿಳಿಯಿತು. ಕಣ್ಣೀರು ಮೂಗಿನ ತುದಿಯಿಂದ ಹುಳಿಯ ನೊರೆಗೆ ಬೀಳುತ್ತಿತ್ತು.

ತಡೆದರೆ ಏನಾಗುತ್ತದೆ ಎಂದು ದಿಶಾಗೆ ಗೊತ್ತಿತ್ತು. ನನ್ನ ಮಗನ ತಟ್ಟೆ ಮುಟ್ಟಲು ನಿನ್ನ ಅಪ್ಪಣೆ ಬೇಕೇ ಎಂಬ ಮಾತು ಬರುತ್ತದೆ. ಆ ಮಾತು ಸಂಜೆಯವರೆಗೆ ಮನೆಯಲ್ಲಿ ಸುತ್ತುತ್ತದೆ. ಇವತ್ತೊಂದು ದಿನ ಜಗಳ ಬೇಡ. ಇವತ್ತು ತೃಷಾಳ ವಿಷಯ ತೀರ್ಮಾನವಾಗಬೇಕು. ಚಿನ್ನ ಹೋದರೆ ಹೋಗಲಿ.

ರತ್ನಾವತಿ ನಲ್ಲಿಯ ಕೆಳಗೆ ತಟ್ಟೆ ಹಿಡಿದರು. ಅಂಚು ಹಳದಿಯಾಗಿಯೇ ಉಳಿದಿತ್ತು. ನಡುವೆ ಅಂಗೈಯಗಲ ಬೆಳ್ಳಗೆ ಬೆಳ್ಳಿ ಎದ್ದು ಕಾಣುತ್ತಿತ್ತು.

“ನೋಡು, ಎಷ್ಟು ಕೊಳೆ ಕೂತಿತ್ತು,” ಎಂದರು. “ನೀನು ಬರೀ ನೀರಲ್ಲಿ ಅದ್ದಿ ತೆಗೀತಿ.”

“ಹೌದು ಅತ್ತೆ,” ಎಂದಳು ದಿಶಾ.

*

ಮುಸ್ಸಂಜೆಗೆ ಯಶ್ವಂತ್ ಬಂದರು. ಕೈಯಲ್ಲಿ ಬಾಳೆಲೆಯ ಸುರುಳಿ ಇತ್ತು. ಬಟ್ಟೆ ಮುಚ್ಚಿದ ತಟ್ಟೆಯ ಹಳದಿ ಅಂಚು ನೋಡಿ ಹುಬ್ಬು ಏರಿಸಿದರು.

“ಎಲೆಯಲ್ಲಿ ಬಡಿಸುದಲ್ವಾ ನಮ್ಮ ಕ್ರಮ?”

“ಅವನಿಗೆ ಇದೇ ಇಷ್ಟ ಭಾವ,” ಎಂದರು ರತ್ನಾವತಿ. “ನೀವೇ ಕೊಟ್ಟದ್ದು.”

“ನಾನು ಕೊಟ್ಟದ್ದು, ಸರಿ. ಡುಪ್ಲಿಕೇಟ್ ಮಾಲಲ್ಲ ಅದು.” ಅವರಿಗೆ ಖುಷಿಯಾದದ್ದು ಕಂಡಿತು. “ಆಗ್ಲಿ. ಆ ಎಲೆ ಕೆಳಗೆ ಹಾಸು.”

ಒಳಗಿನ ಮಲಗುವ ಕೋಣೆಯ ಮಂಚ ಸರಿಸಿ ನೆಲ ಒರೆಸಿದ್ದರು. ಎಲೆಯ ಮೇಲೆ ತಟ್ಟೆ. ತಟ್ಟೆಯ ಅಂಚಿನುದ್ದಕ್ಕೂ ಅನ್ನ, ಕೋರಿ ರೊಟ್ಟಿ, ಬಂಗುಡೆ ಮೀನು ಹುರಿದದ್ದು. ಪಕ್ಕದಲ್ಲಿ ಒಂದು ಲೋಟ ನೀರು, ಸಣ್ಣ ಗ್ಲಾಸಿನಲ್ಲಿ ಕಟಿಂಗ್ ಚಾ. ಒಂದು ಸಿಗರೇಟು. ಕೊನೆಗೆ ರತ್ನಾವತಿ ಬಿಸಿ ಮೊಟ್ಟೆ ಸುಲಿದು ದಾರದಿಂದ ಎರಡು ಹೋಳು ಮಾಡಿದರು. ತಟ್ಟೆಯ ನಡುವೆ ಉಪ್ಪು, ಕಾಳುಮೆಣಸಿನ ಪುಡಿ ಉದುರಿಸಿ ಅದರ ಮೇಲೆ ಎರಡೂ ಹೋಳನ್ನು ಬೋರಲು ಹಾಕಿ ಬೆರಳಿನಿಂದ ಒತ್ತಿದರು. ಮಯೂರ್ ಹಾಗೆಯೇ ತಿನ್ನುತ್ತಿದ್ದ. ಅದೆಲ್ಲ ಅವರಿಗೆ ನೆನಪಿತ್ತು.

ಯಶ್ವಂತ್ ದೀಪದ ಮುಂದೆ ನಿಂತು ತುಳುವಿನಲ್ಲಿ ಕೇಳುವುದನ್ನು ಕೇಳಿದರು. ಕಿಟಕಿ ಮುಚ್ಚಿದರು, ಫ್ಯಾನ್ ಆರಿಸಿದರು, ಬಾಗಿಲು ಎಳೆದುಕೊಂಡರು.

ಹೊರಗೆ ಹಾಲ್‌ನಲ್ಲಿ ಎಲ್ಲರೂ ನೆಲದ ಮೇಲೆ ಕೂತರು. ಮಾತಾಡುವ ಹಾಗಿಲ್ಲ. ಲಿಫ್ಟ್ ಬಂದು ನಿಂತು ಹೋಗುವ ಸದ್ದು ಕೇಳುತ್ತಿತ್ತು. ಪಕ್ಕದ ಮನೆಯ ಟೀವಿಯಲ್ಲಿ ಮರಾಠಿ ಧಾರಾವಾಹಿಯ ಹಾಡು. ತೃಷಾ ತಾಯಿಯ ತೊಡೆಯ ಮೇಲೆ ಕೂತು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು.

“ಮಮ್ಮಾ, ಪಪ್ಪಾ ಅಂದರ್ ಹೈ ಕ್ಯಾ?”

ಅಪ್ಪ ಒಳಗಿದ್ದಾನಾ ಎಂದು ಮಗು ಕೇಳಿದ್ದಕ್ಕೆ ಪ್ರೇಮನಾಥ ಬೆರಳು ತುಟಿಗಿಟ್ಟರು. 

ಬಾಗಿಲ ಸಂದಿಯಿಂದ ಕಾಳುಮೆಣಸಿನ, ಬೆಂದ ಮೊಟ್ಟೆಯ ವಾಸನೆ ಬಂತು. ದಿಶಾಗೆ ಆಗ ಹೊಳೆಯಿತು.

ಮೊಟ್ಟೆಯಲ್ಲಿ ಗಂಧಕ. ತಟ್ಟೆಯ ನಡುವೆ ಈಗ ಚಿನ್ನವಿಲ್ಲ, ಬೋಳು ಬೆಳ್ಳಿ. ಬೆಳ್ಳಿಗೆ ಬಿಸಿ ಮೊಟ್ಟೆ ಒತ್ತಿ ಇಟ್ಟರೆ ಏನಾಗುತ್ತದೆಂದು ಮೊದಲ ವರ್ಷದ ಹುಡುಗಿಯೂ ಹೇಳಿಯಾಳು. ಅವಳು ಬಾಗಿಲಲ್ಲಿ ನಿಂತು ಉಜ್ಜುವುದನ್ನು ನೋಡಿದ್ದಳು. ಮೊಟ್ಟೆ ಇಡುವುದನ್ನೂ ನೋಡಿದ್ದಳು. ಎರಡನ್ನೂ ಸೇರಿಸಿ ನೋಡಿರಲಿಲ್ಲ.

ಕಪ್ಪಾಗುತ್ತದೆ. ಈಗ, ಒಳಗೆ, ಆಗುತ್ತಾ ಇದೆ.

ಎದ್ದು ಬಾಗಿಲು ತೆರೆದರೆ? ಉಣ್ಣುವವನನ್ನು ನಡುವೆ ಎಬ್ಬಿಸಿದಂತೆ. ಅದಕ್ಕಿಂತ ದೊಡ್ಡ ತಪ್ಪು ಆ ಮನೆಯಲ್ಲಿ ಇಲ್ಲ. ಕೂತಲ್ಲೇ ಹೇಳಿದರೆ? ಮಾತಾಡುವ ಹಾಗಿಲ್ಲ. ಅವಳು ತೃಷಾಳ ಸೊಂಟವನ್ನು ಬಿಗಿಯಾಗಿ ಹಿಡಿದಳು. ಮಗು “ದುಖ್‌ ರಹಾ ಹೈ” ಎಂದು ನೋವಿಗೆ ಕೊಸರಿತು. ಹಿಡಿತ ಸಡಿಲಿಸಲು ಆಗಲಿಲ್ಲ.

ಇಷ್ಟು ದಿನ ಒಂದೂ ತಾಗದಿದ್ದ ಮೈಗೆ ಹೆದರಿಕೆ ತಾಗಿತು.  ಅವಳಿಗೆ ನಂಬಿಕೆಯಿರಲಿಲ್ಲ. ಆದರೂ ಒಳಗೆ ಯಾರೋ ತಟ್ಟೆಯ ಮೇಲೆ ಬಗ್ಗಿ ನೋಡುತ್ತಿರುವಂತೆ, ನಡುವೆ ಉಜ್ಜಿ ಹಾಕಿದ್ದನ್ನು ಗುರುತಿಸಿದಂತೆ ಅನ್ನಿಸಿತು. ಯಾಕೆ ಸುಮ್ಮನಿದ್ದೆ ಎಂದು ಅವನು ಕೇಳಿದರೆ ಏನು ಹೇಳಬೇಕೋ ತಿಳಿಯಲಿಲ್ಲ.

ಯಶ್ವಂತ್ ಎದ್ದರು. ಕೆಮ್ಮಿದರು. ಬಾಗಿಲು ತಟ್ಟಿ, ತಡೆದು, ತೆರೆದರು.

ದೀಪ ಉರಿಯುತ್ತಿತ್ತು. ನೀರು ಇದ್ದಷ್ಟೇ ಇತ್ತು. ಅನ್ನ ಇದ್ದ ಹಾಗೆಯೇ ಇತ್ತು. ಅವನು ಬಂದ ಗುರುತು ಕಾಣದೆ ರತ್ನಾವತಿ ನಿಟ್ಟುಸಿರು ಬಿಟ್ಟರು. ದಿಶಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಬಡಿಸಿದ್ದನ್ನು ಎಲ್ಲರಿಗೂ ಹಂಚಬೇಕು. ಯಶ್ವಂತ್ ಮೊಟ್ಟೆಯ ಹೋಳಿಗೆ ಕೈ ಹಾಕಿದರು. ಎತ್ತಿದರು. ಇನ್ನೊಂದನ್ನೂ ಎತ್ತಿದರು.

ತಟ್ಟೆಯ ಬೆಳ್ಳಗಿನ ನಡುವೆ ಎರಡು ಕಪ್ಪು ದುಂಡು ಕಲೆಗಳಿದ್ದವು. ಅಕ್ಕಪಕ್ಕ, ಒಂದೇ ಅಳತೆ, ಸುತ್ತ ಕಂದು ಗೆರೆ. ತಟ್ಟೆ ಕಣ್ಣು ಬಿಟ್ಟಂತಿತ್ತು.

ರತ್ನಾವತಿಯ ಗಂಟಲಿನಿಂದ ಬಂದದ್ದು ಮಾತಲ್ಲ. ಪ್ರೇಮನಾಥ ಗೋಡೆಗೆ ಒರಗಿದರು. ಆಮೇಲೆ ಮೂವರೂ ತುಳುವಿನಲ್ಲಿ ಮಾತಾಡತೊಡಗಿದರು, ತಗ್ಗಿದ ದನಿಯಲ್ಲಿ, ವೇಗವಾಗಿ. ದಿಶಾಗೆ ಒಂದೂ ಹಿಡಿಯಲಿಲ್ಲ.

“ಮೊಟ್ಟೆಯಿಂದ ಆಗಿರಬಹುದು ದೊಡ್ಡ ಮಾವ,” ಎಂದಳು. 

ಯಶ್ವಂತ್ ತಿರುಗಿದರು. “ಪ್ರತಿ ಸಂಡೇ ಅವ ಇದ್ರಲ್ಲಿ ಮೊಟ್ಟೆ ತಿಂದಿದ್ದಾನೆ. ಒಂದು ದಿನ ಕಪ್ಪಾಗಿದ್ದು ನೋಡಿದ್ದೀಯಾ?”

ಇಲ್ಲ. ನೋಡಿರಲಿಲ್ಲ. ಆಗ ಚಿನ್ನ ಇತ್ತು. ಚಿನ್ನ ಎಲ್ಲಿ ಹೋಯಿತು ಎಂದು ಹೇಳಬೇಕಾದರೆ ಅತ್ತೆಯ ಕಡೆ ಬೆರಳು ತೋರಿಸಬೇಕು. ರತ್ನಾವತಿ ಆ ಎರಡು ಕಲೆಗಳ ಮೇಲೆ ಸೆರಗು ಮುಚ್ಚಿ, ಮಗುವನ್ನು ಮಲಗಿಸುವ ಹಾಗೆ ತಟ್ಟುತ್ತಿದ್ದರು.

“ಇಲ್ಲ,” ಎಂದಳು.

“ಮತ್ತೆ? ಘಟ್ಟದ ಮೇಲಿನವರಿಗೆ ಇದೆಲ್ಲ ಗೊತ್ತಾಗುದಿಲ್ಲ, ಅದಕ್ಕೆ ನಿನ್ನನ್ನು ದೂರುದಿಲ್ಲ. ಅವ ಸಿಟ್ಟಲ್ಲಿ ಬಂದಿದ್ದಾನೆ. ಮಗುವನ್ನು ಬಿಡ್ಲಿಕ್ಕೆ ಅವನಿಗೆ ಮನಸ್ಸಿಲ್ಲ.” ಸಿಂಕಿನಲ್ಲಿ ಕೈ ತೊಳೆದುಕೊಂಡರು. “ನೀನು ಡೊಂಬಿವಲಿಗೆ ಹೋಗು, ಕೆಲಸ ಮಾಡು, ಶನಿವಾರ ಬಾ. ಮಗು ಇಲ್ಲೇ. ಮಾತು ಮುಗೀತು.”

*

ಬೆಳಿಗ್ಗೆ ಪ್ರೇಮನಾಥ ತೃಷಾಳನ್ನು ಕೆಳಗಿನ ಗಾರ್ಡನಿಗೆ ಕರೆದುಕೊಂಡು ಹೋಗಿದ್ದರು. ರತ್ನಾವತಿ ದೇವರ ಮುಂದೆ ಕೂತಿದ್ದರು. ತಟ್ಟೆ ಸಿಂಕಿನ ಪಕ್ಕ ಹಾಗೆಯೇ ಇತ್ತು. ಯಾರಿಗೂ ಮುಟ್ಟುವ ಧೈರ್ಯವಿರಲಿಲ್ಲ.

ದಿಶಾ ಮೊಟ್ಟೆ ಬೇಯಿಸಿದಳು. ಸುಲಿಯುವಾಗ ಸಿಪ್ಪೆಯ ಜೊತೆ ಬಿಳಿಯೂ ಕಿತ್ತು ಬಂತು. ಒಂದು ಹೋಳನ್ನು ಕಪ್ಪು ಕಲೆಗಳಿಂದ ದೂರ, ಬೆಳ್ಳಿಗೂ ಚಿನ್ನಕ್ಕೂ ನಡುವಿನ ಗೆರೆಯ ಮೇಲೆ ಬೋರಲು ಇಟ್ಟಳು. ಅರ್ಧ ಬೆಳ್ಳಿಯ ಮೇಲೆ, ಅರ್ಧ ಚಿನ್ನದ ಮೇಲೆ. ಒತ್ತಿದಳು. ತನಗೆ ತಾನೇ ನೋಡಿಕೊಳ್ಳಬೇಕಿತ್ತು. ಲ್ಯಾಬಿನಲ್ಲಿ ಇಂಥದ್ದು ಎಷ್ಟೋ ಮಾಡಿದ್ದಾಳೆ, ಒಮ್ಮೆಯೂ ಬೆನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿರಲಿಲ್ಲ. ಈಗ ನೋಡಿದಳು.

ರತ್ನಾವತಿ ನಿಂತಿದ್ದರು.

“ಎಂತ ಮಾಡುದು ನೀನು? ಅವನ ಎಂಜಲು ತಟ್ಟೆಯಲ್ಲಿ?”

 ಸುಮ್ಮನಿದ್ದರೆ ಮಗು ಹೋಯಿತು. ಮಾತಾಡಿದರೆ ಈ ಮುಖದ ಮೇಲೆ ಏನಾಗುತ್ತದೋ ಅದನ್ನು ತಾನೇ ನೋಡಬೇಕು.

“ಸ್ವಲ್ಪ ಹೊತ್ತು ಕೂತ್ಕೊಳ್ರಿ ಅತ್ತೆ. ಆಮೇಲೆ ಬೈಯ್ರಿ.”

ರತ್ನಾವತಿ ಕೂರಲಿಲ್ಲ. ಫ್ರಿಜ್ಜಿಗೆ ಒರಗಿ ನಿಂತರು. ಇಬ್ಬರೂ ಮೊಟ್ಟೆಯ ಬೆನ್ನು ನೋಡುತ್ತಾ ನಿಂತರು. ಹಾಲಿನವನು ಬೆಲ್ ಮಾಡಿದ, ಇಬ್ಬರೂ ಹೋಗಲಿಲ್ಲ. ಅವನು ಇನ್ನೊಮ್ಮೆ ಮಾಡಿ, ಪ್ಯಾಕೆಟ್ ಬಾಗಿಲಿಗೆ ತೂಗುಹಾಕಿ ಹೋದ ಸದ್ದಾಯಿತು. ಇನ್ನೂ ಹೊತ್ತು ಹೋಯಿತು.

ಕೊನೆಗೆ ದಿಶಾ ಹೋಳನ್ನು ಎತ್ತಿದಳು. ಬೆಳ್ಳಿಯ ಮೇಲಿದ್ದ ಅರ್ಧ ಕಪ್ಪಾಗಿತ್ತು. ಚಿನ್ನದ ಮೇಲಿದ್ದ ಅರ್ಧದಲ್ಲಿ ಒಂದಿಷ್ಟು ತೇವ ಬಿಟ್ಟರೆ ಏನೂ ಇರಲಿಲ್ಲ. ನಡುವೆ ಗೆರೆ ಕೊಯ್ದಂತೆ ನೆಟ್ಟಗಿತ್ತು.

“ಚಿನ್ನ ಇರೋ ತನಕ ಮೊಟ್ಟೆ ಬೆಳ್ಳಿಗೆ ತಾಗೋದಿಲ್ಲ ಅತ್ತೆ. ಅದಕ್ಕೇ ಅವರು ತಿಂದಾಗ ಕಪ್ಪಾಗ್ತಿರಲಿಲ್ಲ.”

ರತ್ನಾವತಿ ಬಗ್ಗಿ ಆ ಗೆರೆ ನೋಡಿದರು. ಆಮೇಲೆ ತಮ್ಮ ಬೆರಳುಗಳನ್ನು ನೋಡಿಕೊಂಡರು. ಉಗುರುಗಳ ಸಂದಿಯಲ್ಲಿ ಹುಣಸೆಯ ಕಂದು ಇನ್ನೂ ಇತ್ತು.

“ಹುಳಿ ಹಚ್ಚಿದ್ದು ನಾನು.”

“ಹೌದು.”

“ನೀನು ನೋಡ್ತಾ ಇದ್ದಿ.”

“ಹೌದ್ರಿ.”

“ಯಾಕೆ ಹೇಳ್ಲಿಲ್ಲ?”

“ಹೆದರಿಕೆ ಆಯ್ತು.”

“ನನ್ನ ಹೆದರಿಕೆಯಾ?”

ದಿಶಾ ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡಳು. ಅದು ಬರಲಿಲ್ಲ. ರತ್ನಾವತಿ ನೆಲಕ್ಕೆ ಕುಸಿದು ಕೂತರು, ಮೊಣಕಾಲು ಎದೆಗೆ ಎಳೆದುಕೊಂಡು, ಸಣ್ಣ ಹುಡುಗಿಯ ಹಾಗೆ.

“ಹಾಗಾದ್ರೆ ಅವ ಬರ್ಲೇ ಇಲ್ವಾ?”

ಇದನ್ನು ದಿಶಾ ಎಣಿಸಿರಲಿಲ್ಲ. ಇಡೀ ರಾತ್ರಿ ಅತ್ತೆ ಅತ್ತದ್ದು ಮಗ ಸಿಟ್ಟಾದನೆಂದು ಎಂದುಕೊಂಡಿದ್ದಳು. ಸಿಟ್ಟಾಗಲಿಕ್ಕಾದರೂ ಅವನು ಬಂದಿದ್ದನಲ್ಲ. ಅಷ್ಟು ದೂರದಿಂದ, ಏಳು ಮಹಡಿ ಹತ್ತಿ, ಈ ಮನೆಗೆ. ಈಗ ಅರ್ಧ ಮೊಟ್ಟೆ ಇಟ್ಟು ಅವನನ್ನು ಹೊರಗೆ ಹಾಕಿದಂತಾಯಿತು. ಬಂದಿದ್ದರು ಎನ್ನಬೇಕು ಅನ್ನಿಸಿತು. ಹಾಗೆ ಹೇಳಿದರೆ ಆ ಕಪ್ಪು ಅವನದಾಗುತ್ತದೆ. ಮಗು ಇಲ್ಲೇ ಉಳಿಯುತ್ತದೆ. ಎರಡೂ ಮಾತು ನಾಲಿಗೆಯ ತುದಿಯಲ್ಲಿ ಇದ್ದವು. ಎರಡಕ್ಕೂ ಅವಳು ಹೆದರಿದಳು.

“ಕಪ್ಪಾದದ್ದು ಮೊಟ್ಟೆಯಿಂದ ಅತ್ತೆ. ಅದಷ್ಟೇ ನನಗೆ ಗೊತ್ತಿರೋದು. ಅವರು ಬಂದರೋ ಇಲ್ಲವೋ ತಟ್ಟೆ ಹೇಳೋದಿಲ್ಲ. ನನಗೂ ಗೊತ್ತಿಲ್ಲ.”

ರತ್ನಾವತಿ ಮುಖ ಒರೆಸಿಕೊಂಡರು. 

“ಭಾವನಿಗೆ ಹೇಳ್ಬೇಕು. ಹೇಳದೆ ಇರ್ಲಿಕ್ಕೆ ನನ್ನಿಂದಾಗುದಿಲ್ಲ. ಹೇಳಿದ್ರೆ ಅವ್ರು, ಸರಿ, ಇದು ಲೆಕ್ಕಕ್ಕಿಲ್ಲ, ಶುಕ್ರವಾರ ಪುನಃ ಬಡಿಸುವ ಅಂತಾರೆ. ಎಲೆಯಲ್ಲಿ. ಎಲೆಯಲ್ಲಿ ಮೋಸ ಇಲ್ಲ.”

“ಹೂಂ.”

“ಎಲೆಯಲ್ಲಿ ಬಡಿಸಿದ್ರೆ ಅವ ಬರ್ತಾನೆ. ಬಂದು ಎಂತ ಹೇಳ್ತಾನೆ ಅಂತ ನಂಗೆ ಗೊತ್ತುಂಟು. ಹೆತ್ತವಳು ನಾನು. ಆಫೀಸಿಂದ ಬಂದು ಬೂಟು ಬಿಚ್ಚುವ ಮೊದ್ಲು ಮಗುವನ್ನು ಎತ್ತಿಕೊಳ್ತಿದ್ದವ. ಕರ್ಕೊಂಡು ಹೋಗು ಅಂತ ಅವ ಹೇಳುದುಂಟಾ?”

 ಗೆದ್ದೆ ಎಂದುಕೊಂಡದ್ದು ಇಷ್ಟು ಹೊತ್ತು ಮಾತ್ರ.

“ಅವ ಬೇಡ ಅಂದ ಮೇಲೆ ನಿನ್ನ ಜೊತೆ ಮಗುವನ್ನು ನಾನು ಕಳಿಸುದಿಲ್ಲ. ಅವನ ಮಾತು ಮೀರ್ಲಿಕ್ಕೆ ನನ್ನಿಂದಾಗುದಿಲ್ಲ, ಅದು ತಿಳ್ಕೋ.” ರತ್ನಾವತಿ ಬಾಗಿಲ ಕಡೆ ನೋಡಿ ದನಿ ಇಳಿಸಿದರು, ಒಳಗಿನ ಕೋಣೆಗೆ ಕೇಳಬಾರದು ಎನ್ನುವ ಹಾಗೆ. “ಕೇಳುವ ಮೊದ್ಲು ಹೋಗು.”

“ಅತ್ತೆ?”

“ಇವತ್ತೇ ಹೋಗು. ಕೇಳಿದ ಮೇಲೆ ಅಲ್ವಾ ಬೇಡ ಅನ್ನುದು. ಮಗುವಿನ ಬಟ್ಟೆ ವಾಷಿಂಗ್ ಮೆಷಿನಲ್ಲಿ ಉಂಟು, ಹಸಿಯೇ ತಕ್ಕೊಂಡು ಹೋಗು. ಶಾಲೆಯ ಟೀಸಿ ಮಾವ ತಂದು ಕೊಡ್ತಾರೆ. ಭಾವನಿಗೆ ನಾನು ಸಂಜೆ ಫೋನ್ ಮಾಡ್ತೇನೆ. ಎದ್ದೇಳು.”

ದಿಶಾ ಎದ್ದಳು. ಬ್ಯಾಗಿಗೆ ಏನೇನು ಹಾಕಿದಳೋ ಅವಳಿಗೇ ತಿಳಿಯಲಿಲ್ಲ. ಮಲಗುವ ಕೋಣೆಗೆ ಹೋಗಿ ಬೀರು ತೆಗೆಯಬೇಕಿತ್ತು. ಒಳಗೆ ಎಣ್ಣೆಯ, ಸಿಗರೇಟಿನ ವಾಸನೆ ಇನ್ನೂ ಇತ್ತು. ಉಸಿರು ಬಿಗಿಹಿಡಿದು, ಬೆನ್ನು ಗೋಡೆಯ ಕಡೆಗಿಟ್ಟು, ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡು ಹೊರಗೆ ಬಂದಳು. ಗಾರ್ಡನಿನಿಂದ ಬಂದ ಪ್ರೇಮನಾಥರಿಗೆ ರತ್ನಾವತಿ ತುಳುವಿನಲ್ಲಿ ಹೇಳಿದರು. ಅವರು ಒಂದೂ ಕೇಳದೆ ಮೊಮ್ಮಗಳ ಚಪ್ಪಲಿಯ ಪಟ್ಟಿ ಮತ್ತೆ ಬಿಗಿದರು.

“ಠಾಣೆಯಲ್ಲಿ ಟ್ರೈನ್ ಬದಲಿಸುವಾಗ ಮಗುವನ್ನು ಎತ್ತಿಕೋ,” ಎಂದರು. “ರಶ್ ಇರ್ತದೆ.”

ಲಿಫ್ಟಿನ ತನಕ ರತ್ನಾವತಿ ಬಂದರು. ತೃಷಾಳ ಕೆನ್ನೆ ಮುಟ್ಟಿದರು, ಎತ್ತಿಕೊಳ್ಳಲಿಲ್ಲ. ಎತ್ತಿಕೊಂಡರೆ ಬಿಡಲಾರರು ಎಂದು ದಿಶಾಗೆ ಗೊತ್ತಾಯಿತು.

“ಬರ್ತೀನಿ ಅತ್ತೆ.”

“ಶುಕ್ರವಾರ ಫೋನ್ ಮಾಡ್ಬೇಡ,” ಎಂದರು ರತ್ನಾವತಿ. “ಎಂತ ಕಂಡಿತು ಅಂತ ನನ್ನಲ್ಲಿ ಕೇಳ್ಬೇಡ. ಕೇಳಿದ್ರೆ ಸುಳ್ಳು ಹೇಳ್ಲಿಕ್ಕೆ ನಂಗೆ ಬರುದಿಲ್ಲ.”

ದಿಶಾ ತಲೆಯಾಡಿಸಿದಳು. ಲಿಫ್ಟಿನ ಬಾಗಿಲು ಸೇರಿಕೊಂಡಿತು. ಕೆಳಗಿನ ಬಟನ್ನಿನ ಮೇಲೆ ಒತ್ತಿದ ಬೆರಳನ್ನು, ಲಿಫ್ಟ್ ಇಳಿಯತೊಡಗಿದ ಮೇಲೂ, ಅವಳು ತೆಗೆಯಲಿಲ್ಲ.